ಬೀಗದ ಕೈ ಕೊಂಡರೆ ಬನ್ನು ಉಚಿತ

ಅಧ್ಯಕ್ಷರ ಹಲ್ಲು ಮುರಿದದ್ದು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಚಹಾದಲ್ಲಿ ಅದ್ದಲು ಮರೆತ ಒಂದು ರಸ್ಕಿನಿಂದ.

ಅದು ಹುಟ್ಟಿದ ಹಲ್ಲಲ್ಲ, ಕಟ್ಟಿಸಿಕೊಂಡದ್ದು. ಆದರೂ ಅಧ್ಯಕ್ಷರಿಗೆ ಅದರ ಮೇಲೆ ಮಿಕ್ಕ ಹಲ್ಲುಗಳಿಗಿಂತ ಹೆಚ್ಚು ಮಮತೆ. ಮಿಕ್ಕವು ಪುಕ್ಕಟೆ ಬಂದಿದ್ದವು. ಅವರು ಬೀದಿಯ ವರ್ತಕರ ಸಂಘದ ಅಧ್ಯಕ್ಷರು. ಬೀದಿಯಲ್ಲೇ ದೊಡ್ಡದಾದ ಹಾರ್ಡ್‌ವೇರ್ ಅಂಗಡಿ ಅವರದು. ಮುಂದುಗಡೆ ಮೊಳೆ, ಬಣ್ಣ, ಪೈಪು. ಒಳಗಡೆ ಪಂಪು, ಮೋಟಾರು, ವರ್ಷಗಟ್ಟಲೆ ಯಾರೂ ಕೊಳ್ಳದೆ ಧೂಳು ಹೊದ್ದು ಕೂತ ದೊಡ್ಡ ದೊಡ್ಡ ವಿದ್ಯುತ್ ಯಂತ್ರಗಳು.

ಎದುರು ಸಾಲಿನ ಬೇಕರಿ ಅಕ್ಕನನ್ನು ಕರೆಸಿದರು. ಆಕೆ ಹಿಟ್ಟು ಮೆತ್ತಿದ ಕೈಯಲ್ಲೇ ಬಂದು, ತಟ್ಟೆಯಲ್ಲಿದ್ದ ರಸ್ಕನ್ನು ಎತ್ತಿ, ಬೆಳಕಿಗೆ ಹಿಡಿದು, ಎರಡೂ ಮಗ್ಗುಲು ತಿರುಗಿಸಿ ನೋಡಿದಳು.

"ರಸ್ಕಿಗೇನೂ ಆಗಿಲ್ಲ, ಬಿಡಿ," ಎಂದಳು.

"ನಾನು ಹಲ್ಲಿನ ವಿಷಯ ಮಾತಾಡ್ತಿದ್ದೀನಮ್ಮ!"

"ಹಲ್ಲು ನಾನು ಮಾಡಿದ್ದಲ್ಲವಲ್ಲ. ಮಾಡಿದವರನ್ನ ಕೇಳಿ. ನಾನು ಮಾಡಿದ್ದು ಗಟ್ಟಿಯಾಗೇ ಇದೆ."

ಅಲ್ಲಿಂದ ಶುರುವಾಯಿತು.

ಅಧ್ಯಕ್ಷರು ದಿನವೂ ಪತ್ರಿಕೆಯ ಮೊದಲನೆಯ ಪುಟವನ್ನು ಸಂಪೂರ್ಣವಾಗಿ ಓದುವವರು. ಒಂದು ದೊಡ್ಡ ದೇಶ ಇನ್ನೊಂದು ದೊಡ್ಡ ದೇಶದ ಎಣ್ಣೆ, ಅನಿಲ, ಕಲ್ಲಿದ್ದಲನ್ನು ಕೊಳ್ಳುವುದಿಲ್ಲವೆಂದು ದಿಗ್ಬಂಧನ ಹಾಕಿದ ಸುದ್ದಿ ವಾರದಿಂದ ಅಲ್ಲಿ ಬರುತ್ತಿತ್ತು. ಆ ಪದ ಅವರ ನಾಲಿಗೆಯ ತುದಿಯಲ್ಲೇ ಕೂತಿತ್ತು. ಈಗ ಹಲ್ಲಿನ ಸಂದಿಯಿಂದ ಹೊರಗೆ ಬರಲು ದಾರಿಯೂ ಆಯಿತು. ಎಂಟು ಗಂಟೆಗೆ ಸಂಘದ ತುರ್ತು ಸಭೆ. ಒಂಬತ್ತು ಮಂದಿ ಸದಸ್ಯರು ಬಣ್ಣದ ಡಬ್ಬಗಳ ಮೇಲೆ, ಮಗುಚಿಟ್ಟ ಬಕೆಟ್ಟುಗಳ ಮೇಲೆ ಕುಳಿತರು. ಅಧ್ಯಕ್ಷರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಓದಿದರು:

"ಒಂದು, ಬೇಕರಿಯವಳು ಕ್ಷಮೆ ಕೇಳೋವರೆಗೂ ಸಂಘದ ಯಾವ ಸದಸ್ಯನೂ ಅವಳ ಹತ್ತಿರ ಏನನ್ನೂ ಕೊಳ್ಳಕೂಡದು. ಎರಡು, ಯಾವ ಸದಸ್ಯನೂ ಅವಳಿಗೆ ಏನನ್ನೂ ಮಾರಕೂಡದು, ಕೊಡಕೂಡದು. ಮೂರು, ನಮ್ಮ ಅತ್ತೆಯವರು ಮಾತ್ರೆ ಜೊತೆ ತಗೊಳ್ಳೋ ಎರಡು ಬಿಸ್ಕತ್ತನ್ನ ಮಾನವೀಯತೆ ಮೇಲೆ ಇದರಿಂದ ಹೊರಗಿಟ್ಟಿದೆ. ಮೀರಿದವರ ಸದಸ್ಯತ್ವ ರದ್ದು. ಒಪ್ಪಿಗೆ ಇರೋರು ಕೈ ಎತ್ತಿ."

ಎಲ್ಲರಿಗಿಂತ ಮೊದಲು ಎದ್ದದ್ದು ಲಾಂಡ್ರಿಯ ಗರಿಗರಿಯಣ್ಣನ ಕೈ.

ಅವನು ಇಸ್ತ್ರಿ ಮಾಡಿದ ಬಟ್ಟೆ ಮಡಿಸಿದರೆ ಹಪ್ಪಳದಂತೆ ಸದ್ದು ಮಾಡುತ್ತಿತ್ತು, ಅದಕ್ಕೆ ಆ ಹೆಸರು. ಮನುಷ್ಯ ಮಾತ್ರ ಒದ್ದೆ ಟವೆಲ್ಲಿನಷ್ಟು ಮೆತ್ತಗೆ. ಅವನಿಗೆ ಅಕ್ಕನ ಮೇಲೆ ಕೋಪವೇನೂ ಇರಲಿಲ್ಲ. ಮೂರನೆಯ ಅಂಶವನ್ನು ಕೇಳಿಸಿಕೊಂಡೂ ಇರಲಿಲ್ಲ. ತಲೆಯ ತುಂಬ ನೂರಿಪ್ಪತ್ತು ಒದ್ದೆ ಬೆಡ್‌ಶೀಟುಗಳಿದ್ದವು. ರೈಲು ನಿಲ್ದಾಣದ ಎದುರಿನ ವಸತಿಗೃಹದ್ದು. ಸಂಜೆ ಆರರೊಳಗೆ ಅವು ಒಣಗಿ, ಇಸ್ತ್ರಿಯಾಗಿ ಹೋದರೆ ಒಂದು ವರ್ಷದ ಗುತ್ತಿಗೆ. ಈಗಾಗಲೇ ಎರಡು ಸಲ ತಡವಾಗಿದೆ. ಇನ್ನೊಂದು ಸಲ ತಡವಾದರೆ ಗುತ್ತಿಗೆ ಸೇತುವೆಯಾಚೆಯ ಯಂತ್ರದ ಲಾಂಡ್ರಿಗೆ. ಆಕಾಶ ನೋಡಿದರೆ ಮೂರು ದಿನದಿಂದ ಹಂಡೆಯ ತಳದಂತೆ ಮೋಡ ಕವಿದಿತ್ತು. ಬೇಗ ಕೈ ಎತ್ತಿದರೆ ಬೇಗ ಸಭೆ ಮುಗಿಯುತ್ತದೆ ಎಂಬುದೊಂದೇ ಅವನ ರಾಜಕೀಯ.

ಅಂಗಡಿಗೆ ಬಂದು ಸುದ್ದಿ ಹೇಳಿದ. ಹೆಂಡತಿ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಬೇಕರಿ ಮುಚ್ಚಿಸೋಕೆ ನೀವು ಕೈ ಎತ್ತಿದ್ರಾ?"

"ಮುಚ್ಚಿಸೋಕಲ್ಲ ಕಣೇ. ದಿಗ್ಬಂಧನ. ದೇಶ ದೇಶಗಳೇ ಮಾಡ್ತವೆ."

"ದೇಶಗಳು ಏನಾದ್ರೂ ಮಾಡ್ಕೊಳ್ಳಲಿ. ನಮ್ಮ ಬಟ್ಟೆ ಒಣಗೋದು ಯಾವ ಗೋಡೇಲಿ?"

ಗರಿಗರಿಯಣ್ಣ ಹಿಂದಿನ ಕೋಣೆಯತ್ತ ತಿರುಗಿದ.

ಲಾಂಡ್ರಿಯ ಹಿಂದಿನ ಕೋಣೆಗೂ ಬೇಕರಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಕಡೆಯಿಂದ ನೋಡಿದರೆ ಅದು ಸೌದೆಯಲ್ಲಿ ಉರಿಯುವ ಇಟ್ಟಿಗೆ ಭಟ್ಟಿಯ ಬೆನ್ನು. ಈ ಕಡೆಯಿಂದ ನೋಡಿದರೆ ದೇವರು ಕೊಟ್ಟ ಒಲೆ. ಹಿಂದೆ ಗರಿಗರಿಯಣ್ಣನ ಹತ್ತಿರ ಬಟ್ಟೆ ಒಣಗಿಸುವ ಒಂದು ಯಂತ್ರವಿತ್ತು. ಪುಕ್ಕಟೆ ಶಾಖ ಇರುವಾಗ ಇದ್ಯಾಕೆ ಎಂದು ಅದನ್ನು ನಾಲ್ಕು ವರ್ಷದ ಹಿಂದೆ ಗುಜರಿಗೆ ಹಾಕಿದ್ದ. ಹೆಂಡತಿ ಬೇಡ ಎಂದಿದ್ದಳು. ಈಗ ಆ ಮಾತನ್ನು ಅವಳು ಆಡಲಿಲ್ಲ. ಸುಮ್ಮನೆ ಗುಜರಿಯವನ ಅಂಗಡಿಯಿದ್ದ ದಿಕ್ಕಿಗೆ ತಿರುಗಿ ನಿಂತಳು. ಅದು ಇನ್ನೂ ಕೆಟ್ಟದಾಗಿತ್ತು.

ಗೋಡೆಗೆ ಒಂದು ಥರ್ಮಾಮೀಟರ್ ತೂಗುಹಾಕಿತ್ತು. ಗೋಡೆ ಐವತ್ತು ಡಿಗ್ರಿ ಇದ್ದರೆ ಒಂದು ಸರದಿಗೆ ಇಪ್ಪತ್ತು ಶೀಟು, ನಲವತ್ತೈದು ನಿಮಿಷ. ನಲವತ್ತಕ್ಕೆ ಇಳಿದರೆ ಅದೇ ಇಪ್ಪತ್ತಕ್ಕೆ ಎರಡು ಗಂಟೆ. ಭಟ್ಟಿಗೆ ಸೌದೆ ಬೀಳದಿದ್ದರೆ ಗೋಡೆ ಗಂಟೆಗೆ ನಾಲ್ಕು ಡಿಗ್ರಿ ತಣಿಯುತ್ತದೆ. ಇದೆಲ್ಲ ಅವನು ವರ್ಷಗಟ್ಟಲೆ ನೋಡಿ ಕಂಡುಕೊಂಡ ವಿಜ್ಞಾನ. ಈಗ ಪಾದರಸ ನಲವತ್ತೇಳಕ್ಕೆ ನಿಂತು, ಅವನನ್ನು ನೋಡಿ, ನಲವತ್ತಾರಕ್ಕೆ ಇಳಿಯಿತು.

ಹಿತ್ತಲಿಗೆ ಓಡಿದ. ಮೋಟು ಗೋಡೆಯ ಆಚೆ ಬೇಕರಿ ಅಕ್ಕ ಸ್ಟೂಲಿನ ಮೇಲೆ ಕೂತು, ಜೀವನದಲ್ಲಿ ಮೊದಲ ಬಾರಿಗೆ ಎಂಬಂತೆ, ಬೆಳಿಗ್ಗೆ ಹೊತ್ತಿನಲ್ಲಿ ಕಾಲು ಚಾಚಿ ಚಹಾ ಕುಡಿಯುತ್ತಿದ್ದಳು.

"ಅಕ್ಕ, ಭಟ್ಟಿ ಆರಿಸ್ಬಿಟ್ರಾ?"

"ಇನ್ನೇನು ಮಾಡ್ಲಿ? ಗಿರಾಕಿ ಇಲ್ದೆ ಯಾರಿಗೋಸ್ಕರ ಸೌದೆ ಸುಡ್ಲಿ? ಕೈ ಎತ್ತಿದವರಲ್ಲಿ ನೀವೇ ಮೊದಲಂತಲ್ಲ."

"ಅಯ್ಯೋ, ಅದು ನಾನು ಎತ್ತಿದ್ದಲ್ಲ ಅಕ್ಕ, ಅದಾಗಿ ಅದೇ ಎದ್ದಿದ್ದು. ಒಂದು ಕೆಲಸ ಮಾಡಿ. ಇವತ್ತೊಂದಿನ ಉರಿಸಿ. ನಿಮ್ಮ ಭಟ್ಟಿ ಬೆಂಕಿಯಿಂದಲೇ ನನ್ನ ಬಟ್ಟೆ ಒಣಗೋದು."

ಅಕ್ಕ ಲೋಟ ಕೆಳಗಿಟ್ಟಳು. "ಏನಂದ್ರಿ?"

"ಆ ಗೋಡೆ ಇದೆಯಲ್ಲ... ನಮ್ಮ ಕಡೆ ಐವತ್ತು ಡಿಗ್ರಿ ಬರುತ್ತೆ."

"ನನ್ನ ಸೌದೆ ಶಾಖ, ನಿಮ್ಮ ಮನೆಗೆ, ಐವತ್ತು ಡಿಗ್ರಿ?"

"ಹಬ್ಬದ ದಿನ ಐವತ್ತೆರಡೂ ಆಗುತ್ತೆ," ಎಂದ ಗರಿಗರಿಯಣ್ಣ, ಸ್ವಲ್ಪ ಹೆಮ್ಮೆಯಿಂದಲೇ.

"ಎಷ್ಟು ವರ್ಷದಿಂದ?"

"ಹನ್ನೆರಡು."

ಅಕ್ಕ ಅವನನ್ನೇ ನೋಡುತ್ತ ಕೂತಳು. ಅಷ್ಟು ಹೊತ್ತು ಯಾರೂ ಯಾರನ್ನೂ ಒಳ್ಳೆಯ ಉದ್ದೇಶಕ್ಕೆ ನೋಡುವುದಿಲ್ಲ. ಆಮೇಲೆ ಎದ್ದು ಸೆರಗು ಕೊಡವಿದಳು. "ನೋಡಿ, ನನಗೆ ಎಂಟು ಟ್ರೇ ಬನ್ನು ಖರ್ಚಾದ್ರೆ ಒಂದು ಸಲ ಉರಿಸ್ತೀನಿ. ತೊಂಬತ್ತಾರು ಬನ್ನು. ತಗೊಳ್ಳಿ, ಉರಿಸ್ತೀನಿ."

"ನಾನು ಕೊಳ್ಳೋ ಹಾಗಿಲ್ವಲ್ಲ! ಸದಸ್ಯತ್ವ ಹೋಗುತ್ತೆ. ಅಧ್ಯಕ್ಷರ ಮನೆ ಬಟ್ಟೆಯೂ ಹೋಗುತ್ತೆ."

"ಹಾಗಾದ್ರೆ ಸದಸ್ಯರಲ್ಲದ ಯಾರನ್ನಾದ್ರೂ ಹಿಡ್ಕೊಳ್ಳಿ," ಎಂದು ಆಕೆ ಬೀದಿಯ ಮೂಲೆಯತ್ತ ಗಲ್ಲ ತೋರಿಸಿದಳು.

ಮೂಲೆಯಲ್ಲಿ, ಪಾದಚಾರಿ ಮಾರ್ಗದ ಮೇಲೆ, ಒಂದು ಕಪ್ಪು ಕೊಡೆಯ ಕೆಳಗೆ ಬೀಗದ ತಾತ ಕೂರುತ್ತಿದ್ದ. ನಕಲಿ ಬೀಗದ ಕೈ ಮಾಡಿಕೊಡುವವನು. ಹದಿನೈದು ವರ್ಷದಿಂದ ಸಂಘದ ಸದಸ್ಯತ್ವ ಕೇಳುತ್ತಿದ್ದ. ಷಟರ್ ಇರುವ ಅಂಗಡಿಯವರಿಗೆ ಮಾತ್ರ ಎಂದು ಪ್ರತಿ ಸಲವೂ ಹಿಂದಕ್ಕೆ ಕಳಿಸಿದ್ದರು. ಅಧ್ಯಕ್ಷರು ಓದಿ ಬಿಸಾಕಿದ ಪತ್ರಿಕೆಯನ್ನು ಅವನು ಆಮೇಲೆ ಓದುತ್ತಿದ್ದ. ಗರಿಗರಿಯಣ್ಣ ಹೋದಾಗ ಅವನ ಮುಂದೆ ಅದೇ ಹರಡಿತ್ತು. ಪಕ್ಕದಲ್ಲಿ ಬಟ್ಟೆ ಮುಚ್ಚಿದ ಒಂದು ಬುಟ್ಟಿ.

"ತಾತ, ಬನ್ನು..." ಎಂದ ಗರಿಗರಿಯಣ್ಣ ಪಿಸುಮಾತಿನಲ್ಲಿ.

"ಬನ್ನು ಮಾರಲ್ಲಪ್ಪ ನಾನು. ಬೀಗದ ಕೈ ಮಾರ್ತೀನಿ. ಒಂದು ಬೀಗದ ಕೈ ತಗೊಂಡ್ರೆ ಆರು ಬನ್ನು ಉಚಿತ."

"ಯಾವ ಬೀಗದ್ದು?"

"ಬೀಗ ಕಟ್ಕೊಂಡು ನಿಂಗೇನಾಗ್ಬೇಕು? ಬನ್ನು ಬೇಕೋ, ಬೀಗ ಬೇಕೋ?"

"ಇದು ಅಧ್ಯಕ್ಷರಿಗೆ ಗೊತ್ತಾದ್ರೆ?"

ತಾತ ಕನ್ನಡಕ ಏರಿಸಿದ. "ಅಧ್ಯಕ್ಷರು ಮೊದಲನೇ ಪುಟ ಓದ್ತಾರೆ. ನಾನು ವ್ಯಾಪಾರದ ಪುಟ ಓದ್ತೀನಿ. ಮೊದಲನೇ ಪುಟದಲ್ಲಿ ದಿಗ್ಬಂಧನ ಅಂತ ಇರುತ್ತೆ. ವ್ಯಾಪಾರದ ಪುಟದಲ್ಲಿ ಅದೇ ಎಣ್ಣೆ ಸಮುದ್ರದ ನಡುವೆ ಇನ್ನೊಂದು ಹಡಗಿಗೆ ಹತ್ತುತ್ತೆ, ಹೆಸರು ಬದಲಾಯಿಸುತ್ತೆ, ಒಂದು ಸುತ್ತು ಹೊಡ್ಕೊಂಡು ಬೇಡ ಅಂದವನ ಮನೇಗೇ ಹೋಗುತ್ತೆ, ಸ್ವಲ್ಪ ದುಬಾರಿಯಾಗಿ. ಬೇಡ ಅಂದವನೂ ಮರ್ಯಾದೆಯಾಗಿರ್ತಾನೆ, ಮಾರಿದವನೂ ಹೊಟ್ಟೆ ತುಂಬ ಉಣ್ತಾನೆ. ನಡುವೆ ಇರೋನು ನೋಡು, ಕೊಡೆ ಕೆಳಗೆ ಕೂತಿರ್ತಾನೆ. ಎಷ್ಟು ಕೊಡ್ಲಿ?"

"ತೊಂಬತ್ತಾರು."

"ಹದಿನಾರು ಬೀಗದ ಕೈ. ಮನೆ ದೊಡ್ಡದು ಅನ್ನು."

ಹತ್ತೂವರೆಗೆ ಗೋಡೆಯ ಆಚೆ ಸೌದೆ ಚಟಪಟ ಎಂದಿತು. ಗರಿಗರಿಯಣ್ಣನ ಜೇಬು ಜಣಜಣ ಎಂದಿತು. ಪಾದರಸ ನಲವತ್ತೆರಡರಿಂದ ಮೇಲಕ್ಕೆ ತೆವಳಿತು. ಮೊದಲ ಇಪ್ಪತ್ತು ಶೀಟು ಇಳಿದವು, ಎರಡನೆಯ ಇಪ್ಪತ್ತು ಏರಿದವು. ತೊಂಬತ್ತಾರು ಬನ್ನುಗಳನ್ನು ಎಲ್ಲಿಡುವುದು ಎಂಬುದು ಮಾತ್ರ ಬಗೆಹರಿಯಲಿಲ್ಲ. ಗಂಡಹೆಂಡತಿ ಸೇರಿ ಐದು ತಿಂದರು. ಉಳಿದವನ್ನು ಹೆಂಡತಿ ವಸತಿಗೃಹದ ದಿಂಬಿನ ಕವರುಗಳಿಗೆ ತುಂಬಿ ಮೂಲೆಯಲ್ಲಿ ಜೋಡಿಸಿದಳು. "ಒಗೆದ ಕವರೇ ತಾನೇ. ಇನ್ನೊಂದ್ಸಲ ಕೊಡವಿದ್ರಾಯ್ತು," ಎಂದಳು.

ಹನ್ನೆರಡು ಗಂಟೆಗೆ ಹಿತ್ತಲಿಂದ ಅಕ್ಕನ ಕೂಗು: "ಗರಿಗರಿಯಣ್ಣ, ಸೌದೆ ಮುಗೀತು! ಡಿಪೋದವರು ನಂಗೆ ಮಾರಲ್ಲವಂತೆ. ಎರಡನೇ ಅಂಶವಂತೆ."

ಗೋಡೆ ನಲವತ್ತೊಂಬತ್ತು. ಇನ್ನೂ ಎಂಬತ್ತು ಶೀಟು ಬಾಕಿ. ಗರಿಗರಿಯಣ್ಣ ಬಟ್ಟೆಯ ತಳ್ಳುಗಾಡಿ ಹಿಡಿದು ಸೌದೆ ಡಿಪೋಗೆ ಹೋದ. ಡಿಪೋ ಮಾಲೀಕ ತಕ್ಕಡಿಯ ತಟ್ಟೆಯಲ್ಲಿ ತಾನೇ ಕೂತು ತೂಗಾಡುತ್ತಿದ್ದ. ಅವನ ಸೌದೆಯಲ್ಲಿ ಮುಕ್ಕಾಲು ಪಾಲು ಕೊಳ್ಳುತ್ತಿದ್ದವಳು ಬೇಕರಿ ಅಕ್ಕ.

"ಬಂದ್ಯಾ. ನಿನ್ನ ಕೈ ಎತ್ತಿದ್ದು ನೋಡಿ ನಾನೂ ಎತ್ತಿದೆ ಮಾರಾಯ," ಎಂದ ಮಾಲೀಕ. "ಬೆಳಗಿಂದ ಒಂದು ಕಡ್ಡಿ ಅಲ್ಲಾಡಿಲ್ಲ. ಏನು ಬೇಕು?"

"ಎಂಬತ್ತು ಕಿಲೋ ಸೌದೆ."

"ಲಾಂಡ್ರಿಗೆ ಸೌದೆ ಯಾಕೆ?"

"ಬಟ್ಟೆ ಬಡಿಯೋಕೆ."

ಮಾಲೀಕ ಅವನ ಮುಖ ನೋಡಿದ. ಗಾಡಿ ನೋಡಿದ. ಗಾಳಿಯಲ್ಲಿ ಬರುತ್ತಿದ್ದ ಬನ್ನಿನ ವಾಸನೆಯನ್ನೂ ಒಂದು ಸಲ ಒಳಕ್ಕೆಳೆದುಕೊಂಡ. ಅವನ ಕಣ್ಣು ತುಂಬಿತು.

"ತುಂಬ ಕೊಳೆ ಇರ್ಬೇಕು," ಎಂದ.

"ಸಿಕ್ಕಾಪಟ್ಟೆ."

"ಎಂಬತ್ತು ಸಾಕಾಗಲ್ಲ ಹಾಗಾದ್ರೆ. ನೂರು ತಗೊ. ಸಂಜೆವರೆಗೂ ಬಡೀಬೇಕಲ್ಲ."

ಬೆಡ್‌ಶೀಟಿನ ಕೆಳಗೆ ನೂರು ಕಿಲೋ ಸೌದೆ ಅಡಗಿಸಿ ತಳ್ಳುವುದು ಸುಲಭವಲ್ಲ. ಅಧ್ಯಕ್ಷರ ಅಂಗಡಿಯ ಮುಂದೆಯೇ ಗಾಡಿಯ ಚಕ್ರ ಗುಂಡಿಗೆ ಇಳಿಯಿತು. ಅಧ್ಯಕ್ಷರು ಹೊರಗೆ ಬಂದರು.

"ಏನಯ್ಯ, ಬಟ್ಟೆ ಇಷ್ಟು ಭಾರ?"

"ಒದ್ದೆ, ಸ್ವಾಮಿ."

"ಮೂಲೆ ಮೂಲೆ ಚುಚ್ಕೊಂಡಿದೆ?"

"ಗಂಜಿ ಜಾಸ್ತಿ ಹಾಕಿದ್ದೀನಿ."

ಅಧ್ಯಕ್ಷರು ತಲೆಯಾಡಿಸಿದರು; ಅವರಿಗೂ ಏನೋ ಅವಸರವಿದ್ದಂತಿತ್ತು. ಒಳಗಿಂದ ದೊಡ್ಡದೇನನ್ನೋ ಒರೆಸುತ್ತಿದ್ದ ಸದ್ದು ಬರುತ್ತಿತ್ತು. "ಶತ್ರು ಹೇಗಿದ್ದಾಳೆ? ನಿನ್ನ ಪಕ್ಕದ ಮನೆ ಅಲ್ವಾ, ಏನಾದ್ರೂ ಅಳೋ ಸದ್ದು?"

"ನಿಟ್ಟುಸಿರು ಕೇಳಿಸ್ತು ಸ್ವಾಮಿ."

"ಹಾಗೇ ಒತ್ತಡ ಇಟ್ಟಿರೋಣ," ಎಂದು ಅವರು ಸ್ವತಃ ಗಾಡಿಗೆ ಭುಜ ಕೊಟ್ಟು ಗುಂಡಿಯಿಂದ ಎತ್ತಿಸಿ, ಲಾಂಡ್ರಿಯ ಬಾಗಿಲವರೆಗೂ ತಳ್ಳಿಕೊಟ್ಟರು.

ಸೌದೆ ಹಿತ್ತಲಿನ ಮೋಟು ಗೋಡೆ ದಾಟಿತು. ಸೌದೆ ಬಂತು ಸರಿ, ಬನ್ನಿಗೆ ಗಿರಾಕಿ ಯಾರು ಎಂದಳು ಅಕ್ಕ. ಗರಿಗರಿಯಣ್ಣ ಇನ್ನೂ ಹದಿನಾರು ಬೀಗದ ಕೈ ಕೊಂಡ. ತಾತ ಈಗ "ಸಾಲಾಗಿ ಬನ್ನಿ" ಎನ್ನುತ್ತಿದ್ದನಾದರೂ ಗರಿಗರಿಯಣ್ಣನಿಗೆ ಅದರ ಕಡೆ ಗಮನವಿರಲಿಲ್ಲ. ಸಾಲಿನಲ್ಲಿದ್ದವರೂ ಮುಖಕ್ಕೆ ಟವೆಲು, ಪತ್ರಿಕೆ, ಮುಚ್ಚಳ ಹೀಗೆ ಸಿಕ್ಕಿದ್ದನ್ನು ಹಿಡಿದಿದ್ದರು.

ಮೂರು ಗಂಟೆಗೆ ತಪಾಸಣೆ ಬಂತು.

ದಿಗ್ಬಂಧನ ಪಾಲನೆ ನೋಡಿಕೊಳ್ಳಲು ಅಧ್ಯಕ್ಷರು ನೇಮಿಸಿದ್ದು ಟೈಲರ್‌ನನ್ನು. ಅವನು ಗರಿಗರಿಯಣ್ಣನ ಹೆಂಡತಿಯ ಸ್ವಂತ ತಮ್ಮ. ಕೊರಳಲ್ಲಿ ಅಳತೆಯ ಟೇಪು, ಕಿವಿಯಲ್ಲಿ ಸೀಮೆಸುಣ್ಣ, ಮುಖದಲ್ಲಿ ಹೊಸ ಅಧಿಕಾರ.

"ಭಾವ, ತಪ್ಪು ತಿಳ್ಕೋಬೇಡಿ. ಸಂಬಂಧ ಬೇರೆ, ಕರ್ತವ್ಯ ಬೇರೆ," ಎಂದು ಒಳಗೆ ನುಗ್ಗಿ ಮೂಗು ಅರಳಿಸಿದ. "ಏನಿದು ವಾಸನೆ?"

"ಹೊಸ ಸೋಪು," ಎಂದ ಗರಿಗರಿಯಣ್ಣ.

"ಬೆಣ್ಣೆ ವಾಸನೆ ಬರೋ ಸೋಪಾ?"

"ಮಕ್ಕಳ ಬಟ್ಟೆಗೆ."

ಟೈಲರ್ ಮೂಲೆಗೆ ನಡೆದ. ಉಬ್ಬಿ ನಿಂತಿದ್ದ ದಿಂಬುಗಳಲ್ಲಿ ಒಂದಕ್ಕೆ ಟೇಪು ಸುತ್ತಿ ಸುತ್ತಳತೆ ನೋಡಿದ. "ಲಾಂಡ್ರಿಗೆ ಬರೀ ಕವರ್ ಬರುತ್ತಲ್ವಾ ಭಾವ? ದಿಂಬು ಯಾಕೆ ಬಂತು?"

ಗರಿಗರಿಯಣ್ಣನ ಗಂಟಲು ಒಣಗಿತು. ಬೆಳಗಿನಿಂದ ಗೋಡೆಯ ನೆರವಿಲ್ಲದೆ ಒಣಗಿದ ಮೊದಲ ವಸ್ತು ಅದು. ಹೆಂಡತಿ ಮುಂದೆ ಬಂದಳು.

"ನಮ್ಮದು ಕಣೋ. ಮಧ್ಯಾಹ್ನ ಒಂದು ಗಳಿಗೆ ಮಲಗೋಕೆ. ಬೇಕಾದ್ರೆ ಮಲಗಿ ನೋಡು, ಸುಸ್ತಾಗಿದ್ದೀಯ."

ಟೈಲರ್ ಕರ್ತವ್ಯಕ್ಕಾಗಿ ಮಲಗಿದ. ತಲೆ ಇಟ್ಟ ಕೂಡಲೇ ಅವನ ಮುಖದ ಗೆರೆಗಳೆಲ್ಲ ಸಡಿಲವಾದವು. "ಅಕ್ಕಾ... ಬೆಚ್ಚಗಿದೆ ಕಣೇ," ಎಂದ, ಮಗುವಿನ ದನಿಯಲ್ಲಿ. ಎರಡು ನಿಮಿಷ ಹಾಗೇ ಇದ್ದ. ಎದ್ದಾಗ ಅವನ ಪ್ಯಾಂಟಿನ ಜೇಬಿನಿಂದ ಜಣ್ ಎಂಬ ಸದ್ದು ಬಂತು. ತಕ್ಷಣ ಜೇಬಿನ ಮೇಲೆ ಕೈಯಿಟ್ಟುಕೊಂಡು, "ಕತ್ತರಿ," ಎಂದ.

"ನಾನೇನೂ ಕೇಳ್ಲಿಲ್ವಲ್ಲೋ," ಎಂದಳು ಗರಿಗರಿಯಣ್ಣನ ಹೆಂಡತಿ.

"ಕೇಳಿದ್ರೆ ಅಂತ ಹೇಳಿದೆ," ಎಂದು ಅವನು ಬಂದದ್ದಕ್ಕಿಂತ ವೇಗವಾಗಿ ಹೊರಟುಹೋದ.

ಅಷ್ಟರಲ್ಲಿ ಗೋಡೆಗೇನೋ ಆಗಿತ್ತು. ಪಾದರಸ ಐವತ್ತೆಂಟು. ನಾಲ್ಕು ಗಂಟೆಗೆ ಅರವತ್ತೊಂದು. ಹನ್ನೆರಡು ವರ್ಷದಲ್ಲಿ ಆ ಗೆರೆಯನ್ನು ಅದು ಮುಟ್ಟಿರಲಿಲ್ಲ. ಬಟ್ಟೆ ಏರಿಸಿ ತಿರುಗುವುದರೊಳಗೆ ಒಣಗುತ್ತಿತ್ತು. ಗರಿಗರಿಯಣ್ಣನ ಅಂಗಿ ಮೈಮೇಲೆಯೇ ಎರಡು ಸಲ ಒದ್ದೆಯಾಗಿ ಎರಡು ಸಲ ಒಣಗಿತು. ನಾನು ಕೊಂಡದ್ದು ಎರಡು ಸಲದ ಬನ್ನು ಮಾತ್ರ, ಇಷ್ಟೊಂದು ಉರಿ ಯಾರ ಪಾಲಿನದು ಎಂದು ಒಂದು ಕ್ಷಣ ಯೋಚನೆ ಬಂತು. ಬಂದ ಸುಖವನ್ನು ವಿಚಾರಣೆ ಮಾಡುವ ಸ್ವಭಾವ ಅವನದಲ್ಲ. ಇಸ್ತ್ರಿ ಹಿಡಿದ.

ಐದೂಮುಕ್ಕಾಲಿಗೆ ಗಾಡಿ ವಸತಿಗೃಹದ ಬಾಗಿಲಲ್ಲಿತ್ತು. ಮ್ಯಾನೇಜರು ಗಡಿಯಾರ ನೋಡಿದ, ಶೀಟು ಎಣಿಸಿದ, ಒಂದನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಆಮೇಲೆ ದಿಂಬಿನ ಕವರುಗಳ ಕಟ್ಟು ಎತ್ತಿದ. ಅವಸರದಲ್ಲಿ ಒಂದು ಕವರು ಕೊಡವದೆ ಬಂದಿತ್ತು. ಮ್ಯಾನೇಜರು ಕೈ ಹಾಕಿದ. ಹೊರಗೆ ತೆಗೆದ. ಅವನ ಅಂಗೈಯಲ್ಲಿ ಬನ್ನು.

ಮ್ಯಾನೇಜರು ಕಚ್ಚಿದ.

"ಇದು ಕಣ್ರೀ ವ್ಯಾಪಾರ!" ಎಂದು ಮೇಜು ಕುಟ್ಟಿದ. "ಸೇತುವೆಯಾಚೆಯವನು ಇಷ್ಟು ದಿನದಲ್ಲಿ ಒಂದು ಲೋಟ ನೀರು ಕೊಟ್ಟಿಲ್ಲ. ಇಲ್ಲಿ ಕೂತ್ಕೊಳ್ಳಿ, ಈಗಲೇ ಸಹಿ ಮಾಡೋಣ. ನಾಳೆಯಿಂದ ದಿನಕ್ಕೆ ನೂರೈವತ್ತು ಶೀಟು. ಜೊತೆಗೆ ಎರಡು ಡಜನ್ ಬನ್ನು, ಬಿಸಿಯಾಗಿ, ಇದೇ ಥರ. ಒಂದು ವರ್ಷ. ಒಂದು ದಿನ ತಪ್ಪಿದ್ರೆ ಠೇವಣಿ ಹೋಗುತ್ತೆ, ಸರೀನಾ?"

ಠೇವಣಿ ಎಂದರೆ ಲಾಂಡ್ರಿಯ ಎರಡು ಇಸ್ತ್ರಿ, ತಳ್ಳುಗಾಡಿ, ಹೆಂಡತಿಯ ಬಳೆ ಎಲ್ಲ ಸೇರಿಸಿದರೂ ಸ್ವಲ್ಪ ಕಡಿಮೆ ಬೀಳುವಷ್ಟು. ಆದರೆ ಅರವತ್ತೊಂದು ಡಿಗ್ರಿಯ ಗೋಡೆ ಇರುವ ಮನುಷ್ಯನಿಗೆ ಯಾವ ಭಯ? ಗರಿಗರಿಯಣ್ಣ ಸಹಿ ಮಾಡಿದ. ಸಹಿಯ ಕೆಳಗೆ ಒಂದು ಸಣ್ಣ ಗೆರೆಯನ್ನೂ ಎಳೆದ.

ಆರೂವರೆಗೆ ಮತ್ತೆ ಸಂಘದ ಸಭೆ. ಬಣ್ಣದ ಡಬ್ಬಗಳ ಮೇಲೆ ಸದಸ್ಯರು ಕೂರತೊಡಗಿದರು. ಗರಿಗರಿಯಣ್ಣ ಕೂತಾಗ ಜಣ್ ಎಂದಿತು. ಅವನು ಕೆಮ್ಮಿದ. ಪಕ್ಕದಲ್ಲಿ ಡಿಪೋ ಮಾಲೀಕ ಕೂತ, ಜಣ್. ಅವನೂ ಕೆಮ್ಮಿದ. ಟೈಲರ್ ಕೂತ. ಚಪ್ಪಲಿ ಅಂಗಡಿಯವನು ಕೂತ. ಔಷಧದ ಅಂಗಡಿಯವರು ಎಷ್ಟು ಮೆಲ್ಲಗೆ ಕೂತರೂ ಅವರದು ಎಲ್ಲಕ್ಕಿಂತ ಜೋರಾಗಿ ಸದ್ದು ಮಾಡಿತು. ಇಡೀ ಬೀದಿಗೆ ನೆಗಡಿ ಬಂದಂತೆ ಎಲ್ಲರೂ ಕೆಮ್ಮಿದರು.

"ಮಹನೀಯರೇ," ಎಂದರು ಅಧ್ಯಕ್ಷರು, "ನಮ್ಮ ದಿಗ್ಬಂಧನ ಸಂಪೂರ್ಣ ಯಶಸ್ವಿ. ಶತ್ರುವಿನ ಬೆನ್ನು ಮುರಿದಿದೆ. ಒಂದೇ ಒಂದು ಬನ್ನು—"

"ಬರಬಹುದಾ?" ಎಂದು ಬಾಗಿಲಲ್ಲಿ ದನಿ ಕೇಳಿಸಿತು. ಬೇಕರಿ ಅಕ್ಕ. ಹಿಟ್ಟಿನ ಕೈ ತೊಳೆದು, ಹೊಸ ಸೀರೆ ಉಟ್ಟು ಬಂದಿದ್ದಳು.

"ಅಧ್ಯಕ್ಷರೇ, ಬೆಳಿಗ್ಗೆ ನಾನು ಹಾಗೆ ಮಾತಾಡಬಾರದಿತ್ತು. ಹಲ್ಲಿಗೆ ನೋವಾಗಿದ್ದು ನನಗೂ ನೋವೇ. ಕ್ಷಮಿಸ್ಬಿಡಿ."

ಅಧ್ಯಕ್ಷರ ಕಣ್ಣಲ್ಲಿ ನೀರಾಡಿತು. ದಿಗ್ಬಂಧನ ತೆರವಾಯಿತು ಎಂದು ಅಲ್ಲೇ ಘೋಷಿಸಿದರು. ಚಪ್ಪಾಳೆ. ಗರಿಗರಿಯಣ್ಣ ಎಲ್ಲರಿಗಿಂತ ಜೋರಾಗಿ ತಟ್ಟಿದ. ಇನ್ನು ಬೀಗದ ಕೈ ಕೊಳ್ಳಬೇಕಿಲ್ಲ, ಸೌದೆ ಸಾಗಿಸಬೇಕಿಲ್ಲ, ಗೋಡೆ ತನ್ನ ಪಾಡಿಗೆ ತಾನು ಬಿಸಿಯಾಗಿರುತ್ತದೆ.

"ನಿಮಗೆಲ್ಲ ನಾನೇ ಋಣಿ," ಎಂದು ಅಕ್ಕ ಮುಂದುವರಿಸಿದಳು. "ಹನ್ನೆರಡು ವರ್ಷದಲ್ಲಿ ಇಂಥ ದಿನ ನೋಡಿರ್ಲಿಲ್ಲ. ದಿನಾ ಮೂರು ಸಲ ಉರಿಯೋ ಭಟ್ಟಿ ಇವತ್ತು ಒಂಬತ್ತು ಸಲ ಉರೀತು. ಬೀದಿಯವರು ಎಲ್ಲಿ ನಾಳೆಯಿಂದ ಬನ್ನು ತಿನ್ನೋಕಾಗಲ್ವೋ ಅಂತ ಒಬ್ಬೊಬ್ಬರೂ ತಿಂಗಳಿಗಾಗೋಷ್ಟು ತರಿಸ್ಕೊಂಡ್ರಂತೆ. ಬೀಗದ ತಾತ ಹೇಳ್ತಿದ್ರು."

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಟೈಲರ್ ಟೇಪಿನಲ್ಲಿ ತನ್ನದೇ ಮೊಣಕಾಲು ಅಳೆಯತೊಡಗಿದ.

"ಆ ದುಡ್ಡಲ್ಲೇ ಮುಂಗಡ ಕೊಟ್ಟು ಹೊಸ ವಿದ್ಯುತ್ ಒಲೆ ತಗೊಂಡೆ. ಐದು ಗಂಟೆಗೆ ತಂದಿಳಿಸಿದ್ರು. ಐದೂವರೆಗೆ ಹಳೇ ಭಟ್ಟಿ ಆರಿಸ್ದೆ. ಎಂಥಾ ಒಲೆ ಅಂತೀರಿ! ಸುತ್ತ ಎರಡು ಪದರ ಗಾಜಿನ ಉಣ್ಣೆ. ಒಳಗೆ ಇನ್ನೂರು ಡಿಗ್ರಿ ಇದ್ರೂ ಹೊರಗೆ ಕೈ ಇಡಬಹುದು. ಒಂದು ಚೂರು ಶಾಖ ಆಚೆ ಹೋಗಲ್ಲ."

ಡಿಪೋ ಮಾಲೀಕ ಬಕೆಟ್ಟಿನ ಮೇಲಿಂದ ಜಾರಿದ. ಗರಿಗರಿಯಣ್ಣ ಎದ್ದು ನಿಂತ. ಅವನಿಗೆ ಬೀದಿಯೆಲ್ಲ ಒದ್ದೆಯಾಗಿ ಕಾಣುತ್ತಿತ್ತು.

"ಅಧ್ಯಕ್ಷರೇ! ಆ ಒಲೆ ಮಾರಿದವರು ಯಾರು?" ಎಂದು ಕಿರುಚಿದ. "ಐದು ಗಂಟೆಗೆ ದಿಗ್ಬಂಧನ ಇನ್ನೂ ಇತ್ತು! ಎರಡನೇ ಅಂಶ! ಅವಳಿಗೆ ಒಲೆ ಮಾರಿದ ಸದಸ್ಯ ಯಾರು? ಹಿಡೀರಿ, ಒಲೆ ವಾಪಸ್ ತರ್ಸಿ!"

"ಸದಸ್ಯರ್ಯಾರೂ ಮಾರಿಲ್ಲಪ್ಪ," ಎಂದಳು ಅಕ್ಕ. "ನಾನು ತಾತನ ಹತ್ತಿರ ಒಂದು ಬೀಗದ ಕೈ ಕೊಂಡೆ. ಸ್ವಲ್ಪ ದೊಡ್ಡದು. ಅದರ ಜೊತೆ ಒಲೆ ಉಚಿತ ಬಂತು."

"ತಾತನಿಗೆ ಒಲೆ ಎಲ್ಲಿಂದ ಬಂತು?"

ಎಲ್ಲರ ತಲೆಗಳೂ ನಿಧಾನವಾಗಿ ಅಂಗಡಿಯ ಒಳಗಡೆಗೆ ತಿರುಗಿದವು. ಅಲ್ಲಿ ವರ್ಷಗಟ್ಟಲೆ ಧೂಳು ಹೊದ್ದ ಯಂತ್ರಗಳ ಸಾಲಿನ ನಡುವೆ, ಒಂದು ಆಳೆತ್ತರದ ಜಾಗ ಖಾಲಿಯಿತ್ತು. ನೆಲದ ಮೇಲೆ ಧೂಳಿಲ್ಲದ ಒಂದು ಚೌಕ.

ಅಧ್ಯಕ್ಷರು ಬಾಯಿಗೆ ಅಡ್ಡ ಹಿಡಿದಿದ್ದ ಕೈಯನ್ನು ಮುಖದ ತುಂಬ ಹರಡಿಕೊಂಡರು. "ನಾನು ತಾತನಿಗೆ ಮಾರಿದ್ದು," ಎಂದರು ಬೆರಳ ಸಂದಿಯಿಂದ. "ಅವನು ಅದನ್ನ ಏನು ಮಾಡ್ಕೊಳ್ತಾನೆ ಅಂತ ನಾನು ಕೇಳೋಕಾಗುತ್ತಾ? ಪಾದಚಾರಿ ಮಾರ್ಗದಲ್ಲಿ ಚಳಿ ಅಂದ."

ಸದಸ್ಯರು ಒಬ್ಬೊಬ್ಬರಾಗಿ ಎದ್ದರು, ಒಬ್ಬೊಬ್ಬರಾಗಿ ಜಣಗುಟ್ಟುತ್ತ ಹೊರಟರು. ಕೊರಳ ಗಂಟೆಯ ಹಸುಗಳು ಮನೆಗೆ ಹೊರಟ ಹೊತ್ತಿನಂತೆ ಬೀದಿ ಕೇಳಿಸಿತು. ಗರಿಗರಿಯಣ್ಣ ಮಾತ್ರ ಬಣ್ಣದ ಡಬ್ಬದ ಮೇಲೆ ಕುಸಿದು, ಜೇಬಿನ ಕರವಸ್ತ್ರದಿಂದ ಕಣ್ಣೊರೆಸಿಕೊಂಡ. ನಾಳೆ ನೂರೈವತ್ತು ಶೀಟು. ನಾಡಿದ್ದು ನೂರೈವತ್ತು. ಒಂದು ವರ್ಷ.

ಅಕ್ಕ ಹತ್ತಿರ ಬಂದು, ಯಾರಿಗೂ ಕೇಳದಂತೆ ಬಗ್ಗಿದಳು.

"ಅಷ್ಟೊಂದು ಯೋಚನೆ ಮಾಡ್ಬೇಡಿ ಗರಿಗರಿಯಣ್ಣ. ಹೊಸ ಒಲೆ ಹಿಂದುಗಡೆ ಇಷ್ಟೇ ಇಷ್ಟು ಒಂದು ತೂತಿದೆ, ಬಿಸಿ ಗಾಳಿ ಆಚೆ ಹೋಗೋಕೆ. ಅದನ್ನ ನಿಮ್ಮ ಗೋಡೆ ಕಡೆಗೇ ತಿರುಗಿಸಿದ್ದೀನಿ. ದೊಡ್ಡ ಬಟ್ಟೆ ಒಣಗಲ್ಲ; ಒಂದು ಕರವಸ್ತ್ರ ಆರಾಮಾಗಿ ಒಣಗುತ್ತೆ," ಎಂದು ಕೈ ಚಾಚಿದಳು. "ಅದನ್ನ ಕೊಡಿ ಇಲ್ಲಿ, ಚೆನ್ನಾಗಿ ನೆಂದಿದೆ."